ನೂರು ಅಡಿ ಹಗ್ಗ

ಹೋದ ವಾರ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಅಣ್ಣ ಒಂದು ವಿಡಿಯೋ ಹಾಕಿದ. ಅಣ್ಣ ಅಂದರೆ ದೊಡ್ಡಪ್ಪನ ಮಗ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದು ತೋಡು, ನಾಲ್ಕು ಸಾಲು ಅಡಿಕೆ, ಅಷ್ಟೇ. ಗ್ರೂಪಿನಲ್ಲಿ ಮಾಮೂಲಾಗಿ ಬರುವುದು ಯಾರ ತೋಟದಲ್ಲಿ ಎಷ್ಟು ಇಂಚು ಮಳೆ, ಕಾಫಿ ದರ ಎಷ್ಟು, ಆನೆ ಎಲ್ಲಿ ಇಳಿದಿದೆ ಅನ್ನುವ ಸುದ್ದಿ. ಈ ಸಲ ಬಂದದ್ದು ಯಾವುದೋ ದೇಶದ ಜನರ ಗುಂಪು. ಒಬ್ಬ ಕಟ್ಟಡದ ಗೋಡೆ ಹತ್ತಿ ಬಾಲ್ಕನಿಗೆ ಹೋಗಿ ಕಾಮನಬಿಲ್ಲಿನ ಬಾವುಟ ಕೀಳುತ್ತಾನೆ, ಕೆಳಗಿನವರು ಕೇಕೆ ಹಾಕುತ್ತಾರೆ. ಆಮೇಲೆ ಕ್ಯಾಮೆರಾ ಹಿಡಿದವರಿಗೆ ಏಟು. ವಿಡಿಯೋ ಕೆಳಗೆ ಅಣ್ಣ ಮೂರು ನಗುವ ಮುಖ ಹಾಕಿ, 'ನಮ್ಮಲ್ಲೂ ಹೀಗೇ ಕೊಡ್ಬೇಕು' ಎಂದು ಬರೆದಿದ್ದ. ದೊಡ್ಡಮ್ಮ ಹೆಬ್ಬೆರಳು ಒತ್ತಿದ್ದರು. ಅವರದ್ದನ್ನು ಲೆಕ್ಕಕ್ಕೆ ಹಿಡಿಯಬಾರದು, ಸಾವಿನ ಸುದ್ದಿಗೂ ಹೆಬ್ಬೆರಳೇ ಒತ್ತುತ್ತಾರೆ.

ನನಗೆ ಆ ಬಾಲ್ಕನಿ ನೋಡಿದ ಕೂಡಲೇ ಗುರುತು ಸಿಕ್ಕಿತು. ಜಾರ್ಜಿಯಾ ದೇಶದ ತಿಬಿಲಿಸಿ, 2021ರ ಜುಲೈ 5. ಅವತ್ತು ಅಲ್ಲಿ ಪ್ರೈಡ್, ಅಂದರೆ ಸಲಿಂಗಿಗಳು, ಹಿಜ್ರಾಗಳು ಮುಂತಾದವರು ಹೆದರದೆ ಬೀದಿಯಲ್ಲಿ ನಡೆಯುವ ಮೆರವಣಿಗೆ ಇರಬೇಕಿತ್ತು, ಇರಲೇ ಇಲ್ಲ. ಬೆಳಿಗ್ಗೆಯೇ ಗುಂಪು ಸಂಘಟಕರ ಕಚೇರಿಗೆ ನುಗ್ಗಿತು, ಸಂಘಟಕರು ಮೆರವಣಿಗೆ ರದ್ದು ಮಾಡಿದರು. ಐವತ್ತಕ್ಕೂ ಹೆಚ್ಚು ಪತ್ರಕರ್ತರಿಗೆ ಹೊಡೆತ ಬಿತ್ತು. ಅವರಲ್ಲಿ ಒಬ್ಬ ಟಿವಿ ಕ್ಯಾಮೆರಾಮನ್, ಲೆಕ್ಸೊ ಲಷ್ಕರವಾ ಅಂತ ಹೆಸರು, ಆರು ದಿನದ ಮೇಲೆ ಮನೆಯಲ್ಲಿ ಸತ್ತು ಸಿಕ್ಕಿದ. ಅಣ್ಣ ಕಳಿಸಿದ ತುಣುಕಿನಲ್ಲಿ ಅದು ಇಲ್ಲ. ಮರುದಿನ ಸಂಜೆ ಅದೇ ಊರಿನ ಸಾವಿರಾರು ಜನ ಪಾರ್ಲಿಮೆಂಟಿನ ಎದುರು ಬಂದು ನಿಂತರು, ಅದೂ ಇಲ್ಲ. ನಿಂತವರ ವಿಡಿಯೋ ಯಾರು ಫಾರ್ವರ್ಡ್ ಮಾಡುತ್ತಾರೆ.

ಅದೇ ಊರಲ್ಲಿ 2013ರ ಮೇ 17ರಂದು ಇಂಥದ್ದೇ ಕೆಲಸಕ್ಕೆ ಒಂದಷ್ಟು ಜನ ಸೇರಲು ಹೋದಾಗ ಪಾದ್ರಿಗಳೇ ಮುಂದೆ ನಿಂತು ಸಾವಿರಗಟ್ಟಲೆ ಜನರನ್ನು ನುಗ್ಗಿಸಿದ್ದರು. ಪೊಲೀಸರು ಸೇರಲು ಬಂದವರನ್ನು ಹಳದಿ ಮಿನಿ ಬಸ್ಸಿಗೆ ತುಂಬಿಸಿ ಸಾಗಿಸಿದರು. ಆ ಬಸ್ಸಿನ ಗಾಜಿಗೆ ಒಬ್ಬ ಪಾದ್ರಿ ಸ್ಟೂಲು ಎತ್ತಿಕೊಂಡು ಓಡುವುದನ್ನು ನಾನು ನೋಡಿದ್ದೇನೆ. ಕಲ್ಲು, ದೊಣ್ಣೆ ಅಂದರೆ ಅರ್ಥವಾಗುತ್ತದೆ. ಸ್ಟೂಲು! ಮನೆಯಿಂದ ತಂದನೋ, ಹತ್ತಿರದ ಅಂಗಡಿಯಿಂದ ಎತ್ತಿದನೋ ಅಂತ ನನಗೆ ಇವತ್ತಿಗೂ ತಲೆ ಕೊರೆಯುತ್ತದೆ.

ಅಣ್ಣನಿಗೆ ನನ್ನ ವಿಷಯ ಗೊತ್ತಿಲ್ಲವೇ ಅಂತ ಹೊಸಬರು ಕೇಳಬಹುದು. ಗೊತ್ತು. ಕೊಡಗಿನ ಚೇರಂಬಾಣೆ ದಾಟಿ ಒಳಗೆ ಬಂದರೆ ಸಿಗುವ ನಮ್ಮ ಹನ್ನೊಂದು ಮನೆಗೂ ಗೊತ್ತು. ಯಾರೂ ಮಾತಾಡುವುದಿಲ್ಲ, ಅಷ್ಟೇ. ನನಗೀಗ ನಲವತ್ತಮೂರು. ಮದುವೆಯ ವಿಷಯ ಕೇಳುವುದನ್ನು ಬಿಟ್ಟು ಹತ್ತು ವರ್ಷವಾಯಿತು. ಗೊತ್ತಿದ್ದೂ ಕಳಿಸಿದನೋ, ಮರೆತು ಕಳಿಸಿದನೋ, ಅದೊಂದು ನನಗೆ ಹೊಳೆಯುತ್ತಿಲ್ಲ.

ಗೊತ್ತಾದದ್ದು ಹೇಗೆ ಅಂದರೆ ಟಿವಿಯಿಂದ. 2008ರ ಜೂನ್ 29ಕ್ಕೆ ಬೆಂಗಳೂರಿನ ಮೊದಲ ಪ್ರೈಡ್ ನಡೆದಾಗ ನಾನು ಅಲ್ಲೇ ಒಂದು ಕೊರಿಯರ್ ಆಫೀಸಿನಲ್ಲಿದ್ದೆ. ಅವತ್ತೇ ದೆಹಲಿಯಲ್ಲೂ ಕೋಲ್ಕತ್ತದಲ್ಲೂ ನಡೆಯಿತು. ಕೋಲ್ಕತ್ತದವರು ನಮಗೆ ಹಿರಿಯರು, 1999ರಲ್ಲೇ ಹದಿನೈದು ಜನ ನಡೆದುಬಿಟ್ಟಿದ್ದರು. ಬಸವನಗುಡಿಯಿಂದ ಟೌನ್‌ಹಾಲ್‌ವರೆಗೆ ತಮಟೆ ಹಿಂದೆ ನಡೆದ ಆ ದಿನ ನನ್ನ ಮುಖಕ್ಕೆ ಮಾಸ್ಕ್. ಕಾಗದದ್ದು, ರಬ್ಬರ್ ಬ್ಯಾಂಡ್ ಕಿವಿಗೆ ಕಚ್ಚುತ್ತಿತ್ತು. ಅರ್ಧಕ್ಕರ್ಧ ಜನ ಹಾಗೇ ಇದ್ದೆವು. ಮುಂದಿನ ವರ್ಷವೂ ಮಾಸ್ಕ್ ಹಾಕಿಯೇ ಹೋದೆ. ನಡುವೆ ಯಾರೋ ನೀರಿನ ಬಾಟಲಿ ಕೊಟ್ಟರು, ಮಾಸ್ಕ್ ಹಣೆಗೆ ಏರಿಸಿ ಕುಡಿದೆ. ನಾಲ್ಕು ಸೆಕೆಂಡು ಇರಬೇಕು. ಅದಾಗಿ ನಾಲ್ಕೇ ದಿನಕ್ಕೆ, ಜುಲೈ 2ಕ್ಕೆ, ದೆಹಲಿ ಹೈಕೋರ್ಟ್, ಸಲಿಂಗಿಗಳನ್ನು ಅಪರಾಧಿಗಳೆನ್ನುತ್ತಿದ್ದ 377ನೇ ಸೆಕ್ಷನ್ನಿನಿಂದ ನಮ್ಮನ್ನು ಬಿಡಿಸಿ ತೀರ್ಪು ಕೊಟ್ಟಿತು. ಟಿವಿಯವರಿಗೆ ತೋರಿಸಲು ಚಿತ್ರ ಬೇಕಲ್ಲ, ದಿನವಿಡೀ ನಾನು ನೀರು ಕುಡಿದೆ. ನಮ್ಮೂರಲ್ಲಿ ಕರೆಂಟು ಇದ್ದದ್ದೇ ಅಪರೂಪದ ಮಳೆಗಾಲದಲ್ಲಿ ಅವತ್ತು ಇಡೀ ದಿನ ಕರೆಂಟಿತ್ತಂತೆ.

ಅದೇ ವಾರ, ನಾಟಿ ಕೆಲಸಕ್ಕೆಂದು ಶನಿವಾರ ಊರಿಗೆ ಬಂದೆ. ಅಪ್ಪ ಜಗಲಿಯಲ್ಲಿ ಕೂತು ಕೋವಿ ಒರೆಸುತ್ತಿದ್ದರು. ಜಮ್ಮಾ ಹಿಡುವಳಿಯವರಾದ್ದರಿಂದ, ಅಂದರೆ ಕೊಡಗಿನ ವಂಶಪಾರಂಪರ್ಯದ ಜಮೀನಿನವರಾದ್ದರಿಂದ, ನಮಗೆ ಕೋವಿಗೆ ಲೈಸೆನ್ಸಿನ ವಿನಾಯಿತಿ ಇದೆ. ಕೋವಿ ನಮ್ಮ ಕಡೆ ಮನೆಯ ಸಾಮಾನು, ಗೋಡೆಯ ಮೇಲೆ ಇರುತ್ತದೆ. ಆದರೆ ಅದನ್ನು ಇಳಿಸಿ ಒರೆಸುವುದು ಆಯುಧಕ್ಕೆ ಪೂಜೆ ಮಾಡುವ ಸೆಪ್ಟೆಂಬರಿನ ಕೈಲ್ ಮುಹೂರ್ತದ ಹೊತ್ತಿಗೆ. ಜುಲೈಯಲ್ಲಿ ಯಾರೂ ಇಳಿಸುವುದಿಲ್ಲ. ನಳಿಗೆಗೆ ಬಟ್ಟೆ ಸುತ್ತಿದ ಕಡ್ಡಿ ಹಾಕುವುದು, ತೆಗೆಯುವುದು, ಬಟ್ಟೆ ನೋಡುವುದು, ಮತ್ತೆ ಹಾಕುವುದು. ಪಕ್ಕದಲ್ಲಿ ಚಿಪ್ಪಿನಲ್ಲಿ ತೆಂಗಿನೆಣ್ಣೆ. ನಾನು ಕೊಡೆ ಮಡಚಿ ಒಳಗೆ ಹೋಗುವವರೆಗೂ ಅವರು ತಲೆ ಎತ್ತಲಿಲ್ಲ. ಅವ್ವ ಒಲೆ ಮುಂದೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕಿವಿ ಕೊಟ್ಟು ಕೂತಿದ್ದಳು. ರಾತ್ರಿ ಊಟಕ್ಕೂ ಅಪ್ಪ ಏಳಲಿಲ್ಲ.

ಬೆಳಿಗ್ಗೆ ಅವರು ಕೋವಿಯನ್ನು ಗೋಣಿತಾಟಿನಲ್ಲಿ ಸುತ್ತಿ, ತೋಡಿನ ಮೇಲೆ ಹಾಕಿದ್ದ ಎರಡು ಅಡಿಕೆ ಮರದ ಮೇಲೆ ನಡೆದು, ದೊಡ್ಡಪ್ಪನ ಮನೆಗೆ ಕೊಟ್ಟು ಬಂದರು. 'ಇದು ನಿಮ್ಮಲ್ಲೇ ಇರಲಿ' ಅಂದರಂತೆ. ತನ್ನ ಕೈಗೆ ಹೆದರಿದರೋ, ನಾನೇನಾದರೂ ಮಾಡಿಕೊಂಡೇನು ಅಂತ ಹೆದರಿದರೋ, ಕೇಳಲು ನನಗೆ ಬಾಯಿ ಬರಲಿಲ್ಲ. ಅಪ್ಪ 2016ರಲ್ಲಿ ತೀರಿಕೊಂಡರು. ಕೋವಿ ಇವತ್ತಿಗೂ ಅಣ್ಣನ ಮನೆಯ ಗೋಡೆಯ ಮೇಲಿದೆ. ಪ್ರತಿ ಕೈಲ್ ಮುಹೂರ್ತಕ್ಕೆ ನಾನು ಅಲ್ಲಿಗೇ ಹೋಗಿ ಹೂವಿಟ್ಟು ಬರುತ್ತೇನೆ.

ಈಗ ಹಗ್ಗದ ವಿಷಯ. ಮರ ಕಪಾತಿಗೆಂದು, ಅಂದರೆ ಕೊಂಬೆ ಸವರಲೆಂದು, ಮಡಿಕೇರಿಯಲ್ಲಿ ತಂದ ನೂರು ಅಡಿ ನೈಲಾನ್ ಹಗ್ಗ, ಬೆರಳು ಗಾತ್ರದ್ದು. ಬೆಂಗಳೂರಿನ ಮೆರವಣಿಗೆಗೆ ಒಂದು ವರ್ಷ ಹಗ್ಗ ಸಾಲದು ಅಂದರು, ಗೋಣಿಯಲ್ಲಿ ತುಂಬಿಕೊಂಡು ರಾತ್ರಿ ಬಸ್ಸಿಗೆ ಹೊರಟೆ. ಕಂಡಕ್ಟರ್ ಗೋಣಿ ಒತ್ತಿ ನೋಡಿ, 'ಮೆಣಸಾ ಸಾರ್?' ಅಂದ. ಅಲ್ಲಿಂದ ಈಚೆಗೆ ಹಗ್ಗಕ್ಕೆ ಎರಡು ಕೆಲಸ. ನವೆಂಬರಿನಲ್ಲಿ ಮೆರವಣಿಗೆ, ಮಾಗಿಯ ನಂತರ ಮೆಣಸಿನ ಏಣಿ ಕಟ್ಟಲು. ಹಗ್ಗದ ಜೊತೆ ಹೋದ ನನ್ನನ್ನೂ ಹಗ್ಗ ಹಿಡಿಯುವವರ ಗುಂಪಿಗೆ ಸೇರಿಸಿದರು. ಮೆರವಣಿಗೆಯ ಒಂದು ಅಂಚಿಗೆ ಉದ್ದಕ್ಕೆ ಹಗ್ಗ ಹಿಡಿದು ನಡೆಯಬೇಕು. ಹಗ್ಗದ ಆಚೆ ಬಸ್ಸು, ಆಟೋ, ಬೈಗುಳ. ಈಚೆ ನಮ್ಮವರು. ಯಾರು ಎಲ್ಲಿ ಹಿಡಿಯಬೇಕು ಅಂತ ಗೊಂದಲವಾಗದ ಹಾಗೆ ಒಬ್ಬ ಹಿಜ್ರಾ ಅಕ್ಕ ಚಿಕ್ಕಪೇಟೆಯಿಂದ ರಿಬ್ಬನ್ ತಂದು ಹನ್ನೆರಡು ಕಡೆ ಗಂಟು ಹಾಕಿದಳು. ಆರು ಬಣ್ಣ, ಎರಡೆರಡು. ಹನ್ನೆರಡು ಗಂಟಿಗೆ ಹನ್ನೆರಡು ಜನ.

ಹೊರಗಿನವರಿಗೆ ಕಾಣುವುದು ತಮಟೆ, ಕುಣಿತ, ರೆಕ್ಕೆ ಕಟ್ಟಿಕೊಂಡ ಹುಡುಗರು. ನಮಗೆ ಅದು ಮದುವೆ ಮನೆಯ ಅಡಿಗೆ ಕೋಣೆಯ ಹಾಗೆ, ಮುಗಿದರೆ ಸಾಕು. ಹಿಂದಿನ ದಿನವೇ ಮೀಟಿಂಗ್. ಪೊಲೀಸ್ ಅನುಮತಿಯ ಜೆರಾಕ್ಸ್ ಯಾರ ಯಾರ ಕೈಯಲ್ಲಿ ಇರಬೇಕು. ವಕೀಲರ ನಂಬರು ಫೋನಿನಲ್ಲಿ ಇದ್ದರೆ ಸಾಲದು, ಫೋನನ್ನೇ ಮೊದಲು ಕಿತ್ತುಕೊಳ್ಳುತ್ತಾರೆ, ಹಾಗಾಗಿ ತೋಳಿನ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಬೇಕು. ಮುಖ ತೋರಿಸಲು ಒಲ್ಲದವರು ಎಲ್ಲಿ ನಡೆಯಬೇಕು, ಕ್ಯಾಮೆರಾದವರು ಎಲ್ಲಿಯವರೆಗೆ ಬರಬಹುದು (ಈ ವಿಷಯದಲ್ಲಿ ನನ್ನ ಗಲಾಟೆ ಜಾಸ್ತಿ, ಕಾರಣ ಮೇಲೆ ಹೇಳಿದ್ದೇನೆ). ಎಲ್ಲಕ್ಕಿಂತ ಹೆದರಿಕೆ ಮುಗಿದ ಮೇಲಿನ ಅರ್ಧ ಗಂಟೆಯದ್ದು. ಮೆರವಣಿಗೆಯಲ್ಲಿ ನೂರಾರು ಜನರ ನಡುವೆ ಇದ್ದವನು ಬಸ್ ಸ್ಟಾಪಿನಲ್ಲಿ ಒಬ್ಬನೇ ಆಗುತ್ತಾನೆ, ಕಣ್ಣಿಗೆ ಕಾಡಿಗೆ ಹಾಗೇ ಇರುತ್ತದೆ. ಅದಕ್ಕೇ ಯಾರೂ ಒಂಟಿಯಾಗಿ ಹೊರಡುವ ಹಾಗಿಲ್ಲ, ಬಟ್ಟೆ ಬದಲಿಸಲು ಒಂದು ಜಾಗ ನೋಡಿಟ್ಟಿರಬೇಕು, ಮನೆ ಮುಟ್ಟಿದ ಮೇಲೆ ಒಂದು ಮೆಸೇಜು ಹಾಕಬೇಕು. ಮೆಸೇಜು ಬಾರದವರಿಗೆ ರಾತ್ರಿ ಹನ್ನೊಂದರವರೆಗೂ ಫೋನ್ ಮಾಡುವ ಕೆಲಸ ಒಂದು ವರ್ಷ ನನ್ನದಿತ್ತು. ಹೆಚ್ಚಿನವರು ನಿದ್ದೆ ಹೋಗಿದ್ದರು, ಬೈದರು.

2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ ದೆಹಲಿಯ ತೀರ್ಪನ್ನು ಹೊಡೆದುಹಾಕಿ ನಮ್ಮನ್ನು ಮತ್ತೆ ಅಪರಾಧಿಗಳ ಸಾಲಿಗೆ ತಂದು ನಿಲ್ಲಿಸಿತು. ಅದರ ಮುಂದಿನ ವರ್ಷದ ಮೆರವಣಿಗೆಯಲ್ಲಿ ನಾನು ಹಸಿರು ಗಂಟು ಹಿಡಿದಿದ್ದೆ. ಬೈಕಿನಲ್ಲಿ ಇಬ್ಬರು ನಿಧಾನಕ್ಕೆ ನಮ್ಮ ಜೊತೆಯೇ ಬಂದರು. ಹಿಂದೆ ಕೂತವನು ಒಂದು ಮಾತು ಹೇಳಿದ, ಆ ಮಾತು ಬಿಡಿ. ಆಮೇಲೆ ಉಗಿದ. ಎಲೆ ಅಡಿಕೆಯ ಕೆಂಪು ಉಗುಳು, ನನ್ನ ಕೆನ್ನೆಯಿಂದ ಕಾಲರಿನವರೆಗೆ. ನಮ್ಮ ಕಡೆಯವರಿಗೆ ಕೈ ಮೊದಲು, ಮಾತು ಆಮೇಲೆ. ಸಿಗ್ನಲ್ ಬಿದ್ದಿತ್ತು, ಬೈಕು ನಾಲ್ಕು ಹೆಜ್ಜೆಯಲ್ಲಿತ್ತು, ಅವನ ಅಂಗಿಯ ಕಾಲರು ನನ್ನ ಕೈಗೆ ಸಿಗುತ್ತಿತ್ತು. ಹಿಂದಿನ ಗಂಟು ಹಿಡಿದಿದ್ದವಳು ಆ ರಿಬ್ಬನ್ ಅಕ್ಕ. 'ಲೇ ಕೊಡಗು, ಹಗ್ಗ ಬಿಟ್ಟೀಯ' ಅಂದಳು. ಉಗುಳು ಒರೆಸಿಕೊಳ್ಳಲೂ ಬಿಡಲಿಲ್ಲ. 'ಎರಡೂ ಕೈ ಹಗ್ಗದ ಮೇಲಿರಲಿ. ಹಗ್ಗ ಯಾಕೆ ಕೊಟ್ಟಿರೋದು ಅಂದ್ಕೊಂಡೆ? ಅವರು ಒಳಗೆ ಬರಬಾರದು ಅಂತಲಾ? ಅವರು ಬರಬೇಕು ಅಂದರೆ ಹಗ್ಗ ಏನು ಮಾಡ್ತದೆ. ನಿನ್ನ ಕೈ ಖಾಲಿ ಇರಬಾರದು ಅಂತ.'

ಟೌನ್‌ಹಾಲ್ ಮೆಟ್ಟಿಲ ಹತ್ತಿರ ಹಗ್ಗ ಸುತ್ತಿಟ್ಟ ಮೇಲೆ ಅವಳೇ ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು. ಅವಳ ಲೆಕ್ಕದಲ್ಲಿ ಒಂದು ಉಗುಳು ದೊಡ್ಡ ವಿಷಯವೇ ಅಲ್ಲ. ಅವಳು ಪೊಲೀಸ್ ಸ್ಟೇಷನ್ ಕಂಡವಳು. ಮೊದಲ ಪ್ರೈಡ್ ಆಗಿ ನಾಲ್ಕು ತಿಂಗಳಿಗೆ, 2008ರ ಅಕ್ಟೋಬರಿನಲ್ಲಿ, ಬೆಂಗಳೂರಿನಲ್ಲಿ ಐವರು ಹಿಜ್ರಾಗಳನ್ನು ಪೊಲೀಸರು ಹಿಡಿದರು. ಯಾಕೆ ಅಂತ ಕೇಳಲು ಹೋದ ಕಾರ್ಯಕರ್ತರನ್ನೂ ಹೊಡೆದು ಒಳಗೆ ಕೂರಿಸಿದರು. ಬೆಂಗಳೂರಿನ ಮೆರವಣಿಗೆಯ ಮೇಲೆ ಬೆಲ್‌ಗ್ರೇಡ್‌ನಲ್ಲಿ ಆದ ಹಾಗೆ ಗುಂಪು ನುಗ್ಗಿದ್ದನ್ನು ನಾನು ಕಂಡಿಲ್ಲ. ನಮ್ಮಲ್ಲಿ ಏಟು ಬೀಳುವುದು ಮೆರವಣಿಗೆಯ ದಿನ ಅಲ್ಲ, ಉಳಿದ ದಿನಗಳಲ್ಲಿ, ಸ್ಟೇಷನ್ನಿನಲ್ಲಿ, ಮನೆಯೊಳಗೆ. ಅದನ್ನು ಎದುರಿಸಲು ನಮ್ಮ ಹಿರಿಯರು ಹಿಡಿದ ದಾರಿ ಬಹಳ ನೀರಸವಾದದ್ದು. ಬರೆದಿಡುವುದು. ಯಾರು, ಎಲ್ಲಿ, ಎಷ್ಟು ಗಂಟೆಗೆ, ಯಾವ ಕೈಯಲ್ಲಿ. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನವರು 2001ರಲ್ಲೂ 2003ರಲ್ಲೂ ಕರ್ನಾಟಕದ ಇಂಥ ಪ್ರಕರಣಗಳನ್ನು ಸೇರಿಸಿ ವರದಿ ತಂದರು. ಸಿಟ್ಟು ಬಂದವನಿಗೆ ಕಾಗದ ಪೆನ್ನು ಕೊಟ್ಟರೆ ಮೈ ಉರಿಯುತ್ತದೆ, ನನಗೂ ಉರಿಯುತ್ತಿತ್ತು. ಆದರೆ ಕೋರ್ಟಿನಲ್ಲಿ ನಿಂತದ್ದು ಆ ಕಾಗದಗಳೇ.

ಬೆಲ್‌ಗ್ರೇಡ್ ಅಂದೆನಲ್ಲ. ಸರ್ಬಿಯಾದ ರಾಜಧಾನಿ. 2010ರ ಅಕ್ಟೋಬರ್ 10ಕ್ಕೆ ಅಲ್ಲಿ ನಡೆದವರು ಸಾವಿರದಷ್ಟು, ಕಾವಲಿಗೆ ಸುಮಾರು 5,000 ಪೊಲೀಸರು, ಹೊರಗೆ ಕಲ್ಲು ಬೆಂಕಿ ಹಿಡಿದ ಸಾವಿರಾರು ಜನ. ನೂರಕ್ಕೂ ಮಿಕ್ಕಿ ಜನರಿಗೆ ಗಾಯವಾಯಿತು, ಹೆಚ್ಚಿನವರು ಪೊಲೀಸರೇ. ಆಳುವ ಪಕ್ಷದ ಕಚೇರಿಗೇ ಬೆಂಕಿ ಬಿತ್ತು. ಸರಕಾರ ಏನು ಮಾಡಿತು? ಕಲ್ಲು ಹೊಡೆದವರನ್ನು ಬಿಟ್ಟು ನಡೆಯುವವರನ್ನು ನಿಲ್ಲಿಸಿತು. ಭದ್ರತೆಯ ಕಾರಣ ಕೊಟ್ಟು 2011, 2012, 2013, ಮೂರು ವರ್ಷ ಮೆರವಣಿಗೆಗೆ ನಿಷೇಧ. ಈ ಉಪಾಯ ನಮಗೂ ಗೊತ್ತಿರುವಂಥದ್ದೇ. 2015ರ ನವೆಂಬರಿನಲ್ಲಿ ಟಿಪ್ಪು ಜಯಂತಿಯ ದಿನ ಮಡಿಕೇರಿಯಲ್ಲಿ ಕಲ್ಲು ಬಿದ್ದು ಸಾವಾದ ಮೇಲೆ ನಾವು ಎಷ್ಟು ನಿಷೇಧಾಜ್ಞೆ ಕಂಡಿಲ್ಲ. ಆ ಜಯಂತಿ ಸರಿಯೋ ತಪ್ಪೋ ಅನ್ನುವ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಅವತ್ತು ಮಂಜಿನಲ್ಲಿ ಶಟರ್‌ಗಳು ಒಂದರ ಹಿಂದೆ ಒಂದು ಬೀಳುವ ಸದ್ದು ಕೇಳಿದವನಿಗೆ ಗುಂಪು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಬೆಲ್‌ಗ್ರೇಡಿನವರು ಕೋರ್ಟಿಗೂ ಹೋದರು. ಆದರೆ ನನಗೆ ಹಿಡಿಸಿದ್ದು 2013ರ ಸೆಪ್ಟೆಂಬರಿನ ಒಂದು ರಾತ್ರಿ. ಮೂರನೇ ಸಲ ನಿಷೇಧ ಬಂದ ಕೆಲವೇ ಗಂಟೆಗಳಲ್ಲಿ ಇನ್ನೂರರಷ್ಟು ಜನ ಯಾರಿಗೂ ಹೇಳದೆ ಪಾರ್ಲಿಮೆಂಟಿನವರೆಗೆ ನಡೆದುಬಿಟ್ಟರು. ಕಲ್ಲು ಹೊಡೆಯುವವರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮುಂದಿನ ವರ್ಷ ಅನುಮತಿ ಸಿಕ್ಕಿತು. 2017ರಲ್ಲಿ ಅದೇ ದಾರಿಯಲ್ಲಿ ಆ ದೇಶದ ಪ್ರಧಾನಿ ಅನಾ ಬ್ರನಾಬಿಚ್ ನಡೆದಳು. ಅವಳೂ ನಮ್ಮವಳೇ.

ಎಲ್ಲ ಕಡೆ ಹೀಗಾಗುವುದಿಲ್ಲ. ಜೆರುಸಲೇಮಿನಲ್ಲಿ 2005ರ ಮೆರವಣಿಗೆಯಲ್ಲಿ ಒಬ್ಬ ಮೂವರಿಗೆ ಚೂರಿ ಹಾಕಿ ಜೈಲಿಗೆ ಹೋದ. ಹತ್ತು ವರ್ಷ ಕಳೆದು ಬಿಡುಗಡೆಯಾಗಿ ಬಂದವನು ಮೂರೇ ವಾರಕ್ಕೆ, 2015ರ ಜುಲೈ 30ಕ್ಕೆ, ಮತ್ತೆ ಅದೇ ಮೆರವಣಿಗೆಗೆ ಚೂರಿ ಹಿಡಿದು ಬಂದು ಆರು ಜನರಿಗೆ ಇರಿದ. ಶಿರಾ ಬಂಕಿ ಸತ್ತಳು. ಹದಿನಾರು ವರ್ಷ, ಗೆಳೆಯರಿಗೆ ಬೆಂಬಲವಾಗಿ ಬಂದಿದ್ದ ಹುಡುಗಿ. ಮರುವರ್ಷ ಅಲ್ಲಿ 25,000 ಜನ ನಡೆದರು. ಅಕ್ಕ ಹೇಳಿದ ಮಾತು ನಿಜ, ಬರಬೇಕು ಅಂತ ಹೊರಟವನಿಗೆ ಹಗ್ಗ ಏನೂ ಮಾಡುವುದಿಲ್ಲ. ನಮ್ಮ ಮೆರವಣಿಗೆಯ ಹಿಂದಿನ ದಿನದ ಮೀಟಿಂಗಿನಲ್ಲಿ ಶಿರಾಳ ಹೆಸರು ಬಂದಾಗ ಯಾರೂ ಹೆಚ್ಚು ಮಾತಾಡಲಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಒಂದರ ಬದಲು ಎರಡು ಇರಲಿ ಅಂತ ಬರೆದುಕೊಂಡೆವು.

ಕೊಡಗಿನಲ್ಲಿ ಯಾವಾಗ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ನಾನು ಅವರಿಗೆ ಕುಂಡೆ ಹಬ್ಬದ ಕತೆ ಹೇಳುತ್ತೇನೆ. ಮೇ ತಿಂಗಳಲ್ಲಿ ತಿತಿಮತಿ, ಗೋಣಿಕೊಪ್ಪದ ಕಡೆ ಹೋದವರು ನೋಡಿರುತ್ತೀರಿ. ಜೇನುಕುರುಬರು, ಯರವರು, ಗಂಡಸರು ಸೀರೆ, ನೈಟಿ, ಲಂಗ ಉಟ್ಟು, ತುಟಿಗೆ ಬಣ್ಣ ಬಳಿದು, ಸೋರೆಬುರುಡೆ, ಡಬ್ಬ ಬಡಿಯುತ್ತ ರಸ್ತೆಗೆ ಇಳಿಯುತ್ತಾರೆ. ಬಾಯಿ ತುಂಬ ಬೈಗುಳ, ಜೀಪು ನಿಲ್ಲಿಸಿ ಕಾಸು ಕೇಳುತ್ತಾರೆ. ಕೊನೆಗೆ ಹೋಗಿ ಸೇರುವುದು ದೇವರಪುರದ ಅಯ್ಯಪ್ಪ, ಭದ್ರಕಾಳಿಯ ಮುಂದೆ. ಬೇಟೆಗೆಂದು ತಮ್ಮನ್ನು ಕರೆದುಕೊಂಡು ಹೋದ ಅಯ್ಯಪ್ಪ ಭದ್ರಕಾಳಿಯನ್ನು ಕಂಡು ತಮ್ಮನ್ನು ಕಾಡಿನಲ್ಲೇ ಬಿಟ್ಟುಹೋದ ಅನ್ನುವ ಸಿಟ್ಟು ಅವರಿಗೆ. ಅವರ ಹಬ್ಬವನ್ನು ನನ್ನ ಮೆರವಣಿಗೆಯ ಅಣ್ಣನೋ ತಮ್ಮನೋ ಮಾಡಲು ನಾನು ಹೊರಟಿಲ್ಲ, ಅದು ಅವರದ್ದು. ನಾನು ನೋಡುವುದು ಜೀಪಿನೊಳಗೆ ಕೂತವರನ್ನು. ಒಂದು ವರ್ಷ ಅಣ್ಣನ ಜೊತೆ ಗೋಣಿಕೊಪ್ಪಕ್ಕೆ ಹೋಗಿದ್ದಾಗ ಮೀಸೆ ಹೊತ್ತ, ಕೆಂಪು ಸೀರೆಯ ಒಬ್ಬ ಕಿಟಕಿಯೊಳಗೆ ತಲೆ ಹಾಕಿ ಅಣ್ಣನ ಗಲ್ಲ ಹಿಡಿದು ಅವನ ವಂಶವನ್ನೆಲ್ಲ ಬೈದ. ಅಣ್ಣ ನಕ್ಕೂ ನಕ್ಕೂ ಇಪ್ಪತ್ತು ರೂಪಾಯಿ ಕೊಟ್ಟ. ಕೈ ಎತ್ತಲಿಲ್ಲ, ಮುಖ ಸಿಂಡರಿಸಲಿಲ್ಲ. ಸೀರೆ ಉಟ್ಟ ಗಂಡಸಿನ ಮೇಲೆ ಅವನಿಗೆ ಸಿಟ್ಟಿಲ್ಲ ಅಂತ ಆಯಿತು. ಸಂಜೆಗೆ ಸೀರೆ ಬಿಚ್ಚಿಡದವನ ಮೇಲೆ ಸಿಟ್ಟು.

2018ರ ಸೆಪ್ಟೆಂಬರ್ 6ಕ್ಕೆ 377 ನಮ್ಮ ತಲೆ ಮೇಲಿಂದ ನಿಜವಾಗಿಯೂ ಹೋಯಿತು. ಅವತ್ತು ನಾನು ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ಅಕ್ಕಿ ಮೂಟೆ ಇಳಿಸುತ್ತಿದ್ದೆ. ಗುಡ್ಡಗಳು ಕುಸಿದು ಮೂರು ವಾರವಾಗಿತ್ತು. ಮಕ್ಕಂದೂರಿನ ಕಡೆ ಇದೇ ಹಗ್ಗ ಹಿಡಿದು ಕೆಸರಿನಲ್ಲಿ ಮುದುಕರನ್ನು ದಾಟಿಸಿದ್ದೆವು, ರಿಬ್ಬನ್‌ಗಳಿಗೆ ಆ ಕೆಮ್ಮಣ್ಣು ಇವತ್ತಿಗೂ ಅಂಟಿದೆ. ಬೆಂಗಳೂರಿನಿಂದ ಅಕ್ಕ ಫೋನ್ ಮಾಡಿ ಅಳುತ್ತಿದ್ದಳು, ಹಿಂದೆ ತಮಟೆ. 'ಆಮೇಲೆ ಮಾಡ್ತೀನಿ, ಲಾರಿ ನಿಂತಿದೆ' ಅಂದೆ.

ಅಣ್ಣನ ವಿಡಿಯೋಕ್ಕೆ ಗ್ರೂಪಿನಲ್ಲಿ ಏನು ಉತ್ತರ ಕೊಡಲಿ ಅಂತ ಎರಡು ದಿನ ಟೈಪ್ ಮಾಡಿ ಅಳಿಸಿದೆ. ಮೂರನೇ ರಾತ್ರಿ ಗಾಳಿ ಎದ್ದಿತು. ಹತ್ತು ಗಂಟೆಗೆ ಅಣ್ಣನ ಫೋನ್. 'ಸಿಲ್ವರ್ ಮರ ಕೊಟ್ಟಿಗೆ ಮೇಲೆ ಬಿದ್ದಿದೆ. ನಿನ್ನ ಹಗ್ಗ ತಗೊಂಡು ಬಾ ಮಾರಾಯ.' ಹೋದೆ. ಹಸು ಕರುಗಳನ್ನು ಮೊದಲೇ ಹೊರಗೆ ಎಳೆದಿದ್ದರು. ಬೊಡ್ಡೆಗೆ ಹಗ್ಗ ಬಿಗಿದು, ಪಕ್ಕದ ಹಲಸಿನ ಮರಕ್ಕೆ ಒಂದು ಸುತ್ತು ಹಾಕಿ, ಅವನು, ನಾನು, ತೋಟದ ಕೂಲಿ ಲೈನಿನ ಇಬ್ಬರು ಹುಡುಗರು, ಒಂದೂವರೆ ಗಂಟೆ ಎಳೆದೆವು. ಟಾರ್ಚ್ ಬೆಳಕು ಬಿದ್ದಾಗಲೆಲ್ಲ ಒಂದೊಂದು ರಿಬ್ಬನ್ ಕಾಣುತ್ತಿತ್ತು. ಹಳದಿ ಗಂಟು ಅವನ ಮುಷ್ಟಿಯ ಮುಂದೆ ಇತ್ತು.

'ಇದೇನು ಬಣ್ಣ ಬಣ್ಣದ್ದು?' ಅಂದ.

'ಅಳತೆಗೆ' ಅಂದೆ. 'ಹತ್ತಡಿಗೊಂದು.'

ಬಾಯಿಗೆ ಬಂದದ್ದು ಅದು. ಮೆರವಣಿಗೆಯಲ್ಲಿ ಎದೆ ಉಬ್ಬಿಸಿ ನಡೆಯುವವನು ತೋಡಿನ ಈಚೆ ಹೀಗೆ.

ಮರ ಸರಿದ ಮೇಲೆ ಅತ್ತಿಗೆ ಬೆಲ್ಲದ ಕಾಫಿ ಕೊಟ್ಟರು. ಜಗಲಿಯಲ್ಲಿ ಕೂತೆವು. ಗೋಡೆಯ ಮೇಲೆ ಅಪ್ಪನ ಕೋವಿ ಇತ್ತು, ಮಳೆಗಾಲಕ್ಕೆ ನಳಿಗೆಯ ಬಾಯಿಗೆ ಬಟ್ಟೆ ತುರುಕಿದ್ದರು. ಅಣ್ಣ ನನ್ನ ಹಗ್ಗವನ್ನು ಮೊಣಕೈಗೆ ಸುತ್ತುತ್ತಿದ್ದ. ಕೆಂಪು ಗಂಟು ಬಂತು, ಕಿತ್ತಳೆ ಗಂಟು ಬಂತು. ಸುತ್ತುವುದನ್ನು ನಿಲ್ಲಿಸಿ ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ಮೊಳ ಹಾಕಿದ. ಮತ್ತೆ ಹಾಕಿದ.

'ಹತ್ತಡಿ ಅಂದ್ಯಲ್ಲ,' ಅಂದ. 'ಇದು ಎಂಟಡಿ ಕೂಡ ಇಲ್ಲ.'

ನಾನು ಕಾಫಿ ಲೋಟ ನೋಡುತ್ತ ಕೂತೆ. ಅವನು ಹಗ್ಗ ಬಿಚ್ಚಿ ಮುಂದಿನ ಗಂಟಿನಿಂದ ಮತ್ತೆ ಅಳೆಯತೊಡಗಿದ.